ಕಣ್ಣಿನ ಡಾಕ್ಟರ್ ಹತ್ತಿರ ಹೋಗುವಾಗ ಮಾತ್ರೆ ಕವರ್ ಮರೀಬೇಡಿ

ಅಪ್ಪನಿಗೆ 72 ವರ್ಷ. ಒಂದು ವರ್ಷದಿಂದ ಬಲಗಣ್ಣು ಮಂಜು ಮಂಜು ಅಂತಿದ್ದರು. ರಾತ್ರಿ ಎದುರಿಗೆ ಬೈಕ್ ಬಂದರೆ ಲೈಟಿನ ಸುತ್ತ ಬಳೆ ಕಾಣುತ್ತೆ ಅಂದರು. ಪೊರೆ ಬಂದಿದೆ ಅಂತ ಮನೆಯವರಿಗೆಲ್ಲ ಗೊತ್ತಾಗಿತ್ತು. ಆದರೂ ರಾಗಿ ಕೊಯ್ಲು ಮುಗೀಲಿ, ಕಾಯಿ ಕೀಳಿಸಿ ಆಗಲಿ ಅಂತ ದಿನ ತಳ್ಳುತ್ತಲೇ ಬಂದರು.

ಹೆದರಿಕೆ ಬೇರೆ ಇತ್ತು. ನಮ್ಮಜ್ಜಿಗೆ ಮೋದಿ ಡಾಕ್ಟರ ಕ್ಯಾಂಪಿನಲ್ಲಿ ಆಪರೇಷನ್ ಆಗಿತ್ತು. ಡಾ. ಎಂ.ಸಿ. ಮೋದಿ ಊರೂರು ತಿರುಗಿ, ಕ್ಯಾಂಪ್ ಹಾಕಿ, ಲೆಕ್ಕವಿಲ್ಲದಷ್ಟು ಬಡವರಿಗೆ ಕಣ್ಣು ಕೊಟ್ಟ ಪುಣ್ಯಾತ್ಮರು. ಆದರೆ ಆ ಕಾಲದ ಕ್ಯಾಂಪುಗಳಲ್ಲಿ ಕಣ್ಣೊಳಗೆ ಲೆನ್ಸ್ ಇಡುತ್ತಿರಲಿಲ್ಲ. ಪೊರೆ ತೆಗೆದು, ಪಟ್ಟಿ ಕಟ್ಟಿ, ಅಲ್ಲಾಡದೆ ಮಲಗಿಸುತ್ತಿದ್ದರು. ಆಮೇಲೆ ಸೋಡಾ ಬಾಟಲಿ ತಳದಂಥ ಕನ್ನಡಕ. ಅಪ್ಪನ ತಲೆಯಲ್ಲಿ ಇವತ್ತಿಗೂ ಅದೇ ಇತ್ತು. ಈಗ ಆಪರೇಷನ್ ಆದ ದಿನವೇ ಮನೆಗೆ ಬರಬಹುದು ಅಂತ ಎಷ್ಟು ಹೇಳಿದರೂ ಕೇಳಲಿಲ್ಲ.

ಕೊನೆಗೂ ಒಪ್ಪಿ ಹೊರಟ ದಿನ ನಾನು ಏನೂ ತಯಾರಿ ಮಾಡಿಕೊಂಡಿರಲಿಲ್ಲ. ಅಪ್ಪನೋ, ರಕ್ತ ಪರೀಕ್ಷೆ ಅಂದುಕೊಂಡು ಶುಗರ್ ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಬಂದಿದ್ದರು. ಹತ್ತೂವರೆ ಹೊತ್ತಿಗೆ ಬೆವರು ಕಿತ್ತುಕೊಂಡು ಬಂತು, ಕೈ ನಡುಗಿತು. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಚೀಲದಿಂದ ಬಿಸ್ಕೆಟ್ ತೆಗೆದು ಕೊಟ್ಟರು. ಕಣ್ಣು ತೋರಿಸೋಕೆ ಉಪವಾಸ ಬೇಡ. ಶುಗರ್ ಇರುವವರಂತೂ ಹೊಟ್ಟೆ ತುಂಬ ತಿಂದೇ ಹೋಗಬೇಕು. ಆಪರೇಷನ್ ದಿನದ್ದು ಬೇರೆ, ಅದನ್ನು ಅವರೇ ಹೇಳುತ್ತಾರೆ.

ಆಮೇಲೆ ಅಪ್ಪನಿಗೂ ಆ ಅಜ್ಜಿಗೂ ಕಣ್ಣಿನ ಕಪ್ಪು ಗೋಲಿ ಅರಳಿಸುವ ಡ್ರಾಪ್ಸ್ ಹಾಕಿದರು. ಅರ್ಧ ಗಂಟೆ ಕಣ್ಣು ಮುಚ್ಚಿ ಕೂರಿಸಿದರು. ಕಣ್ಣು ತೆರೆದಾಗ ಆ ಅಜ್ಜಿಯ ಕಪ್ಪು ಗೋಲಿ ಪೂರ್ತಿ ಅರಳಿತ್ತು, ಸುತ್ತಲಿನ ಕಂದು ಬಣ್ಣ ಒಂದು ದಾರದಷ್ಟು ಉಳಿದಿತ್ತು. ಅಪ್ಪನದು ಮಾತ್ರ ಸ್ವಲ್ಪವೇ ಅಗಲವಾಗಿತ್ತು. ಸಿಸ್ಟರ್ ಟಾರ್ಚ್ ಹಾಕಿ ನೋಡಿ, ಇನ್ನೊಂದು ಸಲ ಹಾಕಿ, ಇನ್ನೂ ಒಂದು ಸಲ ಹಾಕಿದರು. ಜಾಸ್ತಿ ಏನೂ ಆಗಲಿಲ್ಲ.

ಡಾಕ್ಟರ್ ಮೆಷಿನ್ ಪಕ್ಕಕ್ಕೆ ಸರಿಸಿ ಕೇಳಿದರು. "ಯಜಮಾನ್ರೇ, ಮೂತ್ರದ ತೊಂದರೆಗೆ ಏನಾದರೂ ಮಾತ್ರೆ ತಗೋತೀರಾ?"

ಅಪ್ಪ ಒಂದು ಸಲ ನನ್ನ ಮುಖ ನೋಡಿ, "ಇಲ್ಲ ಸಾರ್" ಅಂದರು. ನನಗೆ ಗೊತ್ತಿದ್ದದ್ದು ಬಿಪಿ, ಶುಗರ್ ಮಾತ್ರೆ ಅಷ್ಟೇ. ನಾನೂ ಇಲ್ಲ ಅಂದೆ. ಆಪರೇಷನ್‌ಗೆ ದಿನ ಕೊಟ್ಟರು.

ರಾತ್ರಿ ಅಡುಗೆಮನೆಯಲ್ಲಿ ಅಮ್ಮನಿಗೆ ಸುಮ್ನೆ ಈ ವಿಷಯ ಹೇಳಿದೆ. "ಅಯ್ಯೋ, ಮೂರು ವರ್ಷದಿಂದ ತಗೋತಾರಲ್ಲೇ! ರಾತ್ರಿ ನಾಕೈದು ಸಲ ಏಳ್ತಿದ್ರು" ಅಂತ ಅಮ್ಮ ಅಲಮೇರಾದಿಂದ ಸ್ಟ್ರಿಪ್ ತಂದು ಕೊಟ್ಟರು. ಎರಡೇ ಮಾತ್ರೆ ಉಳಿದಿದ್ದ ತುಂಡು. ಹೆಸರಿದ್ದ ಭಾಗ ಕತ್ತರಿಸಿ ಹೋಗಿತ್ತು. ಹಳೆ ಚೀಟಿ ಹುಡುಕಿ ತೆಗೆದಾಗ ಗೊತ್ತಾಯಿತು, ಟ್ಯಾಮ್ಸುಲೋಸಿನ್.

ಕಣ್ಣಿಗೂ ಮೂತ್ರದ ಮಾತ್ರೆಗೂ ಏನು ಸಂಬಂಧ ಅನ್ನಿಸುತ್ತೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಪ್ರೊಸ್ಟೇಟ್ ಗ್ರಂಥಿ ದೊಡ್ಡದಾದ ಗಂಡಸರಿಗೆ ಈ ಮಾತ್ರೆ ಕೊಡುತ್ತಾರೆ. ಅಲ್ಲಿನ ಸ್ನಾಯು ಸಡಿಲ ಮಾಡಿ ಮೂತ್ರ ಸಲೀಸಾಗಿ ಹೋಗುವಂತೆ ಮಾಡುತ್ತೆ. ಪಾಪೆಯನ್ನು, ಅಂದರೆ ಕಣ್ಣಿನ ಆ ಕಪ್ಪು ಗೋಲಿಯನ್ನು, ಅಗಲ ಮಾಡುವ ಸ್ನಾಯುವಿಗೂ ಅದೇ ಮಾತ್ರೆ ತಾಗುತ್ತೆ. ಹಾಗಾಗಿ ಪಾಪೆ ಸರಿಯಾಗಿ ಅರಳಲ್ಲ. ಆಪರೇಷನ್ ನಡೆಯುವಾಗ ಪಾಪೆಯ ಸುತ್ತಲಿನ ಪರದೆ ಒದ್ದೆ ಬಟ್ಟೆಯ ಹಾಗೆ ಅಲೆಯುತ್ತೆ, ಪಾಪೆ ಇದ್ದಕ್ಕಿದ್ದಂತೆ ಕುಗ್ಗಿಬಿಡುತ್ತೆ. 2005ರಲ್ಲಿ ಅಮೆರಿಕದ ಇಬ್ಬರು ಕಣ್ಣಿನ ಡಾಕ್ಟರುಗಳು ಇದನ್ನು ಮೊದಲು ಬರೆದರು. ಮುಂಚೆಯೇ ಗೊತ್ತಿದ್ದರೆ ಡಾಕ್ಟರ್ ಬೇಕಾದ ಔಷಧಿ, ಸಲಕರಣೆ ಎಲ್ಲ ಸಿದ್ಧ ಇಟ್ಟುಕೊಂಡೇ ಕೂರುತ್ತಾರೆ. ಗೊತ್ತಿಲ್ಲದಿದ್ದರೆ ಕಷ್ಟ.

ಬೆಳಿಗ್ಗೆಯೇ ಫೋನ್ ಮಾಡಿದೆ. ಹೇಳಿದ್ದು ಒಳ್ಳೇದಾಯ್ತು ಅಂದರು. ಮಾತ್ರೆ ನಿಲ್ಲಿಸಬೇಕಾ ಅಂತ ಕೇಳಿದೆ. ನೀವಾಗಿ ನಿಲ್ಲಿಸಬೇಡಿ, ನಿಲ್ಲಿಸಿದರೂ ಅದರ ಪ್ರಭಾವ ಹೋಗಲ್ಲ ಅಂದರು.

ಅಪ್ಪ ಯಾಕೆ ಇಲ್ಲ ಅಂದರು ಅಂತ ನಾನು ತುಂಬ ಯೋಚಿಸಿದೆ. ಮಗಳ ಎದುರು ಆ ಮಾತು ಆಡೋಕೆ ಅವರಿಗೆ ನಾಚಿಕೆ. ಅದಕ್ಕೆ ಅವರನ್ನು ಬೈಯೋದು ತಪ್ಪು. ತಪ್ಪು ನಂದೇ ಅಂತ ನನಗೆ ಅನ್ನಿಸುತ್ತೆ. ಅಪ್ಪನ ಫೋನ್ ರೀಚಾರ್ಜ್ ಯಾವಾಗ ಮುಗಿಯುತ್ತೆ ಅಂತ ಗೊತ್ತಿತ್ತು, ಅವರು ರಾತ್ರಿ ಯಾವ ಮಾತ್ರೆ ನುಂಗುತ್ತಾರೆ ಅಂತ ಗೊತ್ತಿರಲಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗುವ ಮಕ್ಕಳು ಎರಡು ನಿಮಿಷ ಹೊರಗೆ ಬಂದು ನಿಲ್ಲಬೇಕು. ಇಲ್ಲಾ ಅಂದರೆ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಯಾವ ರೋಗದ್ದೇ ಆಗಲಿ, ಒಂದು ಕವರಿಗೆ ಹಾಕಿ ಡಾಕ್ಟರ ಟೇಬಲ್ ಮೇಲೆ ಇಟ್ಟುಬಿಡಬೇಕು. ಬಾಯಿ ಬಿಟ್ಟು ಹೇಳಬೇಕಾದ್ದೇ ಇರಲ್ಲ.

ಆ ಕವರಿಗೆ ಕಣ್ಣಿನ ಡ್ರಾಪ್ಸೂ ಹಾಕಿ. ಕಣ್ಣು ಕೆಂಪಾಯ್ತು ಅಂತ ಮೆಡಿಕಲ್ ಸ್ಟೋರಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ಹಾಕಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕಣ್ಣಿನ ಒತ್ತಡ ಸದ್ದಿಲ್ಲದೆ ಏರಿ ನರ ಹಾಳಾಗಬಹುದು. ನಂದಿಬಟ್ಟಲು ಹೂವಿನ ರಸ ಬಿಟ್ಟುಕೊಂಡಿದ್ದರೆ ಅದನ್ನೂ ಹೇಳಿ. ಬೈತಾರೆ ಅಂತ ಮುಚ್ಚಿಡಬೇಡಿ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ, ಅಂದರೆ ಹೀಗೆ ಕಣ್ಣಿನ ನರ ಹಾಳಾಗುವ ರೋಗ, ಇದ್ದರೆ ಕೇಳುವ ಮುಂಚೆಯೇ ಹೇಳಿ. ಹಳೆ ಕನ್ನಡಕ, ಹಳೆ ಚೀಟಿ ಇರಲಿ. ಕರಿ ಕನ್ನಡಕ ಇರಲಿ, ಡ್ರಾಪ್ಸ್ ಹಾಕಿದ ಮೇಲೆ ಬಿಸಿಲಿಗೆ ಕಣ್ಣು ಬಿಡೋಕಾಗಲ್ಲ. ನಾಲ್ಕೈದು ಗಂಟೆ ಅಕ್ಷರವೂ ಸರಿಯಾಗಿ ಕಾಣಲ್ಲ, ಬೈಕ್ ಓಡಿಸಲೇಬೇಡಿ.

ಅಪ್ಪನ ಆಪರೇಷನ್ ಚೆನ್ನಾಗಿ ಆಯ್ತು. ಸ್ವಲ್ಪ ಜಾಸ್ತಿ ಹೊತ್ತು ಹಿಡಿಯಿತು ಅಷ್ಟೇ. ಪಟ್ಟಿ ಬಿಚ್ಚಿದ ದಿನ ಗೋಡೆ ಕ್ಯಾಲೆಂಡರ್ ಹತ್ತಿರ ನಿಂತು, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ತಿಥಿ, ನಕ್ಷತ್ರ ಎಲ್ಲ ಜೋರಾಗಿ ಓದಿದರು.

ಮೊನ್ನೆ ಭಾನುವಾರ ಪಕ್ಕದ ಮನೆ ಮಾವ ಜಗಲಿ ಮೇಲೆ ಕೂತು, ನಂಗೂ ಕಣ್ಣು ತೋರಿಸಬೇಕು ಅಂತಿದ್ದರು. ನಾನು ಕಾಫಿ ತಗೊಂಡು ಹೊರಗೆ ಬಂದೆ. ನಾನು ಅಲ್ಲೇ ನಿಂತಿದ್ದರೂ ಅಪ್ಪ ಮಾತು ನಿಲ್ಲಿಸಲಿಲ್ಲ. "ರಾತ್ರಿ ಒಂದಕ್ಕೆ ಹೋಗೋಕೆ ಏನಾದ್ರೂ ಮಾತ್ರೆ ತಗೋತೀಯೇನಪ್ಪಾ? ಇದ್ರೆ ಮೊದಲು ಅದನ್ನ ಜೇಬಿಗೆ ಹಾಕ್ಕೋ" ಅಂದರು.