ಪೂರ್ವಾನ್ವಯವಾಗುವಂತೆ ಪಟ್ಟಾಭಿಷೇಕ

ರಾಜ್ಯ ಗೆಲ್ಲುವುದಕ್ಕೆ ಕತ್ತಿ ಬೇಕು, ಕುದುರೆ ಬೇಕು, ಸಾಲ ಕೊಡುವ ಸಾಹುಕಾರ ಬೇಕು ಎಂದು ನಂಬಿದವರು ಇಂಗ್ಲೆಂಡಿನ ಏಳನೆಯ ಹೆನ್ರಿಯ ಶಿಷ್ಯತ್ವ ವಹಿಸಬೇಕು. ಇವೆಲ್ಲ ಅವನಿಗೂ ಬೇಕಾದವು, ಸುಳ್ಳಲ್ಲ. ಆದರೆ ಅವನ ಬ್ರಹ್ಮಾಸ್ತ್ರ ಒಬ್ಬ ಗುಮಾಸ್ತನ ಲೇಖನಿಯಲ್ಲಿತ್ತು.

1485ರ ಆಗಸ್ಟ್ 22ರಂದು ಬಾಸ್ವರ್ತ್ ಬಯಲಿನಲ್ಲಿ ಮೂರನೆಯ ರಿಚರ್ಡ್ ಸತ್ತ, ಹೆನ್ರಿ ಟ್ಯೂಡರ್ ಗೆದ್ದ. ಆ ದಿನ ಬೆಳಗ್ಗೆ ರಿಚರ್ಡ್ ಹಾಸಿಗೆಯಿಂದ ಎದ್ದಾಗ, ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅಭಿಷೇಕ ಮಾಡಿಸಿಕೊಂಡು ಎರಡು ವರ್ಷ ಆಳಿದ್ದ ದೊರೆ. ಹೆನ್ರಿಯೋ, ಹದಿನಾಲ್ಕು ವರ್ಷ ಬ್ರಿಟನಿ, ಫ್ರಾನ್ಸುಗಳಲ್ಲಿ ತಲೆಮರೆಸಿಕೊಂಡಿದ್ದು ಹದಿನೈದು ದಿನಗಳ ಹಿಂದಷ್ಟೇ ವೇಲ್ಸಿನ ಕಡಲತೀರದಲ್ಲಿ ಇಳಿದವನು. ಹಿಂದಿನ ವರ್ಷ ಸಂಸತ್ತು ರಾಜದ್ರೋಹಿ ಎಂದು ಶಾಸನವನ್ನೇ ಮಾಡಿದ್ದವನು. ನವೆಂಬರಿನಲ್ಲಿ ಹೆನ್ರಿಯ ಮೊದಲ ಸಂಸತ್ತು ಸೇರಿತು. ಅಲ್ಲಿ ದಾಖಲಾದ ಪ್ರಕಾರ ಹೊಸ ದೊರೆಯ ಆಳ್ವಿಕೆ ಆರಂಭವಾದದ್ದು ಆಗಸ್ಟ್ 21ರಂದು. ಯುದ್ಧದ ಹಿಂದಿನ ದಿನ!

ಒಂದು ದಿನ ತಾನೇ, ಗುಮಾಸ್ತನ ಕೈತಪ್ಪು ಎನ್ನುವವರು ಅಮಾಯಕರು. ಆ ಒಂದು ದಿನದಿಂದಾಗಿ 22ರಂದು ತಮ್ಮ ರಾಜನ ಪರ ಹೋರಾಡಿದವರೆಲ್ಲ ರಾಜನ ವಿರುದ್ಧ ದಂಗೆ ಎದ್ದವರಾದರು. ಸತ್ತ ರಿಚರ್ಡನೇ ಮೊದಲ ಆರೋಪಿ: ‘ತನ್ನನ್ನು ರಾಜನೆಂದು ಕರೆದುಕೊಳ್ಳುತ್ತಿದ್ದ’ ಈ ಮನುಷ್ಯ ಲೆಸ್ಟರಿನಲ್ಲಿ ಸೈನ್ಯ ಕೂಡಿಸಿ ಘನತೆವೆತ್ತ ಹೆನ್ರಿ ದೊರೆಯ ಮೇಲೆ ಯುದ್ಧ ಸಾರಿದನಂತೆ. ವಿಚಾರಣೆ ಇಲ್ಲದೆ ಶಾಸನದ ಮೂಲಕವೇ ದ್ರೋಹಿ ಎಂದು ತೀರ್ಮಾನಿಸುವ ಈ ಪದ್ಧತಿಗೆ ಅಟೇಂಡರ್ ಎಂದು ಹೆಸರು. ಅದರಲ್ಲಿ ಬಿರುದು ಹೋಗುತ್ತದೆ, ಜಮೀನು ಖಜಾನೆಗೆ ಸೇರುತ್ತದೆ, ಮಕ್ಕಳಿಗೆ ದಕ್ಕಬೇಕಾದದ್ದೂ ದಕ್ಕುವುದಿಲ್ಲ. ದೊರೆಯ ಲೆಕ್ಕಾಚಾರ ಎಲ್ಲಿತ್ತೆಂದು ಈಗ ಗೊತ್ತಾಗಿರಬೇಕು. ಕ್ರೋಲ್ಯಾಂಡ್ ಮಠದ ವೃತ್ತಾಂತಕಾರ ಮಾತ್ರ ದೇವರನ್ನು ಕರೆದು ಗೋಳಾಡಿದ್ದಾನೆ: ಇನ್ನು ಮುಂದೆ ಯುದ್ಧದ ದಿನ ಯಾವ ಪ್ರಜೆ ತಾನೇ ರಾಜನ ಪಕ್ಕದಲ್ಲಿ ನಿಂತಾನು ಎಂದು. ಮಠದಲ್ಲಿ ಕೂತವರಿಗೆ ಆಡಳಿತದ ಸೂಕ್ಷ್ಮಗಳು ಅರ್ಥವಾಗುವುದಿಲ್ಲ.

ಒಂದು ಸಣ್ಣ ತೊಡಕು ಉಳಿದಿತ್ತು. ಹೆನ್ರಿಯೇ ಶಾಸನದ ಪ್ರಕಾರ ದ್ರೋಹಿಯಲ್ಲವೇ? ದ್ರೋಹಿ ಕರೆದ ಸಂಸತ್ತು ಸಂಸತ್ತು ಹೇಗಾದೀತು? ನ್ಯಾಯಾಧೀಶರು ಕೂತು ಯೋಚಿಸಿದರು. ಅದೇ ಕಳಂಕ ಹೊತ್ತ ಸದಸ್ಯರೆಲ್ಲ ತಮ್ಮ ಮೇಲಿನ ಶಾಸನ ರದ್ದಾಗುವವರೆಗೆ ಹೊರಗೆ ನಿಲ್ಲಬೇಕು ಎಂದರು. ರಾಜನಿಗೆ? ಅವನು ಕಿರೀಟ ವಹಿಸಿಕೊಂಡ ಕ್ಷಣವೇ ಕಳಂಕ ತಾನಾಗಿಯೇ ಕಳೆದುಹೋಯಿತು, ರದ್ದುಪಡಿಸುವ ಅಗತ್ಯವೇ ಇಲ್ಲ. ಗಂಗೆಯಲ್ಲಿ ಮುಳುಗಿದರೂ ಇಷ್ಟು ಬೇಗ ಪಾಪ ಹೋಗುವುದಿಲ್ಲ.

ಮದುವೆಯ ತೊಡಕು ಇದಕ್ಕಿಂತ ಸೊಗಸಾದದ್ದು. ಹೆನ್ರಿ ಮದುವೆಯಾಗಬೇಕಿದ್ದದ್ದು ರಿಚರ್ಡನ ಅಣ್ಣ, ಹಿಂದೆ ಆಳಿದ್ದ ನಾಲ್ಕನೆಯ ಎಡ್ವರ್ಡನ ಮಗಳು ಎಲಿಜಬೆತ್‌ಳನ್ನು. ಆದರೆ ಎಡ್ವರ್ಡನ ಮದುವೆಯೇ ಅಸಿಂಧು, ಅವನ ಮಕ್ಕಳು ಅಕ್ರಮ ಸಂತಾನ ಎಂದು ರಿಚರ್ಡನ ಸಂಸತ್ತು 1484ರಲ್ಲಿ ಸಾರಿತ್ತು. ಆ ಶಾಸನವನ್ನು ಸಭೆಯಲ್ಲಿ ಓದಿ ರದ್ದು ಮಾಡಿದರೆ ಅದರಲ್ಲಿದ್ದ ಆರೋಪಗಳೆಲ್ಲ ಮತ್ತೆ ಊರ ಬಾಯಿಗೆ ಬೀಳುತ್ತವೆ. ಆದ್ದರಿಂದ ಓದದೆಯೇ ರದ್ದುಪಡಿಸಿದರು. ಪ್ರತಿಗಳನ್ನು ತಂದೊಪ್ಪಿಸಿ ನಾಶಮಾಡಬೇಕು, ಇಟ್ಟುಕೊಂಡವರಿಗೆ ಸೆರೆವಾಸ ಮತ್ತು ದಂಡ. ಹೀಗೆ ಎಲಿಜಬೆತ್ ಸಕ್ರಮಳಾದಳು. ಅವಳ ತಮ್ಮಂದಿರೂ ಸಕ್ರಮರಾದರು, ಬದುಕಿದ್ದರೆ ಇಬ್ಬರಲ್ಲಿ ದೊಡ್ಡವನೇ ರಾಜ. ಆದರೆ ಲಂಡನ್ ಟವರ್‌ನಲ್ಲಿದ್ದ ಆ ಹುಡುಗರನ್ನು 1483ರ ನಂತರ ಕಂಡವರಿಲ್ಲ. ಯಾರನ್ನೂ ಕೇಳದಿರುವುದು ಎಲ್ಲರಿಗೂ ಕ್ಷೇಮವಾಗಿತ್ತು.

ಗೆದ್ದೆತ್ತಿನ ಬಾಲ ಹಿಡಿಯುವವರ ಸಂಘಕ್ಕೆ ಇಂಗ್ಲೆಂಡಿನಲ್ಲಿ ಶಾಖೆ ಇದ್ದಿದ್ದರೆ ಸ್ಟ್ಯಾನ್ಲಿ ಸೋದರರು ಆಜೀವ ಪದಾಧಿಕಾರಿಗಳಾಗುತ್ತಿದ್ದರು. ಅಣ್ಣ ಥಾಮಸ್ ಹೆನ್ರಿಯ ಮಲತಂದೆ. ಅವನ ಮಗ ರಿಚರ್ಡನ ಬಳಿ ಒತ್ತೆಯಾಳು. ಬಾರದಿದ್ದರೆ ಮಗನ ತಲೆ ಹೋಗುತ್ತದೆ ಎಂದು ರಿಚರ್ಡ್ ಹೇಳಿ ಕಳುಹಿಸಿದಾಗ, ‘ನನಗೆ ಬೇರೆ ಮಕ್ಕಳೂ ಇದ್ದಾರೆ’ ಎಂದನಂತೆ. ದಂತಕಥೆಯೇ ಇರಬಹುದು, ಆದರೆ ಸ್ಟ್ಯಾನ್ಲಿಗಳನ್ನು ಬಲ್ಲವರು ಯಾರೂ ಸಂಶಯಪಟ್ಟಿರಲಾರರು. ತಮ್ಮ ವಿಲಿಯಂ ಕೊನೆಯ ಗಳಿಗೆಯಲ್ಲಿ ನುಗ್ಗಿ ಹೆನ್ರಿಯ ಜೀವ ಉಳಿಸಿದ. ಥಾಮಸ್ ಅರ್ಲ್ ಆದ. ವಿಲಿಯಂ, ಹತ್ತು ವರ್ಷಗಳ ತರುವಾಯ, ಸಿಂಹಾಸನ ತನ್ನದೆನ್ನುತ್ತ ಬಂದ ಪರ್ಕಿನ್ ವಾರ್ಬೆಕ್ ನಿಜವಾಗಿಯೂ ಎಡ್ವರ್ಡನ ಮಗನೇ ಆಗಿದ್ದರೆ ತಾನು ಅವನ ವಿರುದ್ಧ ಕತ್ತಿ ಹಿಡಿಯಲಾರೆ ಎಂದನೆಂಬ ಕಾರಣಕ್ಕೆ 1495ರ ಫೆಬ್ರವರಿಯಲ್ಲಿ ತಲೆ ಕಳೆದುಕೊಂಡ. ಹೊಳೆ ದಾಟಿದ ಮೇಲೆ ಅಂಬಿಗನ ಗತಿ ಅದೇ.

ಅದೇ ವರ್ಷದ ಕೊನೆಯಲ್ಲಿ ಹೆನ್ರಿಯ ಸಂಸತ್ತು ಒಂದು ಉದಾತ್ತ ಕಾನೂನು ಮಾಡಿತು: ಆಗ ಆಳುತ್ತಿರುವ ರಾಜನ ಪರ ಯುದ್ಧ ಮಾಡಿದ ಯಾರನ್ನೂ ಮುಂದೆ ದ್ರೋಹಿ ಎನ್ನುವಂತಿಲ್ಲ. ಬಾಸ್ವರ್ತ್‌ನಲ್ಲಿ ರಿಚರ್ಡನ ಪರ ನಿಂತವರಿಗೆ ಬೇಕಾಗಿದ್ದದ್ದು ಸರಿಯಾಗಿ ಇದೇ. ಆದರೆ ಈ ಒಂದು ಕಾನೂನು ಮಾತ್ರ ‘ಇನ್ನು ಮುಂದೆ’ ಜಾರಿಗೆ ಬರತಕ್ಕದ್ದಾಗಿತ್ತು. ಪೂರ್ವಾನ್ವಯದ ಸೌಲಭ್ಯ ದೊರೆಗಳಿಗೆ ಮೀಸಲು.

ಹೆನ್ರಿ ಒಂದು ದಿನ ಹಿಂದೆ ಹೋದನೆಂದು ಬೆರಗಾದವರು ಎರಡನೆಯ ಚಾರ್ಲ್ಸ್‌ನನ್ನು ನೋಡಬೇಕು. ಅವನು ಹನ್ನೊಂದು ವರ್ಷ ಹಿಂದೆ ಹೋದ. ಅಪ್ಪ ಮೊದಲನೆಯ ಚಾರ್ಲ್ಸ್‌ನ ತಲೆಯನ್ನು ಸಂಸತ್ತಿನವರು 1649ರ ಜನವರಿ 30ರಂದು ಕಡಿಸಿ, ರಾಜಪದವಿಯೇ ಅನಗತ್ಯ, ಹೊರೆ, ಅಪಾಯಕಾರಿ ಎಂದು ಕಾನೂನು ಮಾಡಿದ್ದರು. ಮಗ ಲಂಡನ್ನಿಗೆ ಮರಳಿದ್ದು 1660ರ ಮೇ 29ರಂದು. ಆದರೆ ಆ ವರ್ಷದ ಶಾಸನಗಳನ್ನು ತೆರೆದರೆ ಅವು ಅವನ ಆಳ್ವಿಕೆಯ ಹನ್ನೆರಡನೆಯ ವರ್ಷದವು! ಕರ್ತವ್ಯಕ್ಕೆ ಹಾಜರಾಗದ ಅವಧಿಯನ್ನೂ ಸೇವೆಯೆಂದು ಪರಿಗಣಿಸಿ ಹಿರಿತನ ನೀಡಲಾಯಿತು. ಈ ಲೆಕ್ಕದಲ್ಲಿ ಮಹಾಪ್ರಭುಗಳು ತಮ್ಮ ಆಳ್ವಿಕೆಯ ಮೂರನೆಯ ವರ್ಷದಲ್ಲಿ, ವೂಸ್ಟರ್ ಯುದ್ಧ ಸೋತು, ಬಾಸ್ಕೊಬೆಲ್‌ನ ಒಂದು ಓಕ್ ಮರದ ಕೊಂಬೆಗಳ ನಡುವೆ ಅಡಗಿ ಕುಳಿತು ರಾಜ್ಯಭಾರ ನಡೆಸಿದರು. ಕೆಳಗೆ ಪ್ರಜೆಗಳು ಅವರನ್ನು ಹುಡುಕುತ್ತಿದ್ದರು.

ನಡುವಣ ಹನ್ನೊಂದು ವರ್ಷಗಳ ಶಾಸನಗಳಿಗೆ ರಾಜನ ಒಪ್ಪಿಗೆ ಇರಲಿಲ್ಲವಾದ್ದರಿಂದ ಅವೆಲ್ಲ ಅಸಿಂಧು. ಆದರೆ ಅದೇ ಅಸಿಂಧು ಸರ್ಕಾರ 1655ರಲ್ಲಿ ಸ್ಪೇನಿನಿಂದ ಕಸಿದುಕೊಂಡ ಜಮೈಕಾ ಸಿಂಧು. ಅದು ಗೆದ್ದ ಡನ್‌ಕರ್ಕ್ ಕೂಡ ಸಿಂಧು. ಚಾರ್ಲ್ಸ್ 1662ರಲ್ಲಿ ಅದನ್ನು ಫ್ರಾನ್ಸಿನ ದೊರೆಗೆ ಮಾರಿ ಹಣ ಎಣಿಸಿಕೊಂಡ. ಅವನನ್ನು ಕರೆತಂದ ಹಡಗಿನ ಹೆಸರು ನೇಸ್ಬಿ, ಅಂದರೆ 1645ರಲ್ಲಿ ಅವನ ಅಪ್ಪ ಸೋತ ರಣರಂಗದ ಹೆಸರು. ಹಾಲೆಂಡಿನ ತೀರದಲ್ಲೇ ಅದಕ್ಕೆ ರಾಯಲ್ ಚಾರ್ಲ್ಸ್ ಎಂದು ಮರುನಾಮಕರಣವಾಯಿತು. ಏಳು ವರ್ಷಗಳಲ್ಲಿ ಡಚ್ಚರು ಮೆಡ್ವೇ ನದಿಗೇ ನುಗ್ಗಿ ಅದನ್ನು ಎಳೆದುಕೊಂಡು ಹೋದರು.

ಸತ್ತವರಿಗೂ ರಿಯಾಯಿತಿ ಇರಲಿಲ್ಲ. 1658ರಲ್ಲಿ ಸತ್ತು ರಾಜಮರ್ಯಾದೆಯಲ್ಲಿ ಹೂಳಿಸಿಕೊಂಡಿದ್ದ, ಆ ರಾಜನಿಲ್ಲದ ಸರ್ಕಾರದ ಮುಖ್ಯಸ್ಥ ಕ್ರಾಮ್‌ವೆಲ್‌ನನ್ನು ದ್ರೋಹಿ ಎಂದು ಶಾಸನ ಮಾಡಿ, ಅಗೆದು ತೆಗೆದು, 1661ರ ಜನವರಿ 30ರಂದು, ಮೊದಲನೆಯ ಚಾರ್ಲ್ಸ್ ಸತ್ತ ದಿನದಂದೇ, ಟೈಬರ್ನ್‌ನಲ್ಲಿ ಗಲ್ಲಿಗೇರಿಸಿದರು. ಅಪರಾಧಿ ಯಾವ ತಕರಾರನ್ನೂ ಎತ್ತಲಿಲ್ಲ.

ತಕರಾರು ಎತ್ತಿದವನು ಸಂಸತ್ತಿನ ಪಕ್ಷದ ಮುಖಂಡ ಸರ್ ಹೆನ್ರಿ ವೇನ್. ಅವನು ರಾಜನ ಮರಣಪತ್ರಕ್ಕೆ ರುಜು ಹಾಕಿದವನಲ್ಲ. ಪ್ರಾಣ ತೆಗೆಯುವುದಿಲ್ಲ ಎಂಬ ಭರವಸೆಯೂ ಚಾರ್ಲ್ಸ್‌ನಿಂದ ಸಿಕ್ಕಿತ್ತು. ಆದರೂ 1662ರಲ್ಲಿ ವಿಚಾರಣೆಗೆ ನಿಲ್ಲಿಸಿದರು. ಅವನು ಕೈಗೆತ್ತಿಕೊಂಡದ್ದು ಅದೇ 1495ರ ಕಾನೂನನ್ನು: ಆಗ ವಸ್ತುತಃ ಆಳುತ್ತಿದ್ದವರ ಆಜ್ಞೆಯನ್ನು ನಾನು ಪಾಲಿಸಿದೆ, ದ್ರೋಹ ಎಲ್ಲಿ ಬಂತು? ನ್ಯಾಯಾಧೀಶರ ಉತ್ತರವನ್ನು ಚೌಕಟ್ಟು ಹಾಕಿಸಿ ಕಾನೂನು ಕಾಲೇಜುಗಳಲ್ಲಿ ತೂಗುಹಾಕಬೇಕು. ಆ ಹನ್ನೊಂದು ವರ್ಷ ಬೇರೆ ಯಾರೂ ರಾಜ ಎನಿಸಿಕೊಳ್ಳಲಿಲ್ಲ. ಆದ್ದರಿಂದ ದ್ರೋಹಿಗಳು ಹೊರಗಿಟ್ಟಿದ್ದರೂ ಚಾರ್ಲ್ಸ್ ಕಾನೂನಿನಲ್ಲಿ ಮಾತ್ರವಲ್ಲ, ವಸ್ತುತಃ ಕೂಡ ರಾಜನಾಗಿಯೇ ಇದ್ದ! ದೇಶದಲ್ಲಿ ಕಾಲಿಡಲಾಗದವನು ವಸ್ತುತಃ ದೇಶ ಆಳುತ್ತಿದ್ದ. ಜೂನ್ 14ರಂದು ಟವರ್ ಹಿಲ್‌ನಲ್ಲಿ ವೇನ್ ಕೊನೆಯ ಮಾತು ಆಡಲು ಹೊರಟಾಗ ಡೋಲು, ಕಹಳೆಗಳನ್ನು ಬಾರಿಸಿ ಅವನ ಧ್ವನಿಯನ್ನು ಅಡಗಿಸಿದರು. ತೀರ್ಪಿಗಿಂತ ಅದೇ ಪ್ರಾಮಾಣಿಕ ಉತ್ತರ.

ಇಪ್ಪತ್ತಾರು ವರ್ಷ ಕಳೆದವು. 1688ರ ಡಿಸೆಂಬರ್ 11ರಂದು ಚಾರ್ಲ್ಸ್‌ನ ತಮ್ಮ ಎರಡನೆಯ ಜೇಮ್ಸ್ ರಾಜಮುದ್ರೆಯನ್ನು ಥೇಮ್ಸ್ ನದಿಗೆ ಎಸೆದು ಓಡಿದ. ರಾಜನಿಲ್ಲದೆ ಸಂಸತ್ತು ಕರೆಯುವಂತಿಲ್ಲ. ಜನವರಿ 22ರಂದು ಸಂಸತ್ತಲ್ಲದ ಒಂದು ಕೂಟ ಸೇರಿತು. ಜೇಮ್ಸ್ ಪದತ್ಯಾಗ ಮಾಡಿದ್ದಾನೆ, ಸಿಂಹಾಸನ ಖಾಲಿ ಇದೆ ಎಂದು ಅದು ಸಾರಿತು. ತಾನು ಅಂಥದ್ದೇನೂ ಮಾಡಿಲ್ಲ ಎಂಬುದು ಫ್ರಾನ್ಸಿನಲ್ಲಿದ್ದ ಜೇಮ್ಸ್‌ನ ವಾದ. ಫೆಬ್ರವರಿ 13ರಂದು ಜೇಮ್ಸನ ಅಳಿಯ ವಿಲಿಯಂ, ಮಗಳು ಮೇರಿ ರಾಜರಾದರು. ಅದೇ ತಿಂಗಳು, ಜನವರಿ 22ಕ್ಕೆ ಸೇರಿದ್ದ ಕೂಟ ಸಂಸತ್ತೇ ಆಗಿತ್ತು ಎಂದು ಶಾಸನವೂ ಬಂತು. ಡಿಸೆಂಬರ್ 11ರಿಂದ ಫೆಬ್ರವರಿ 13ರವರೆಗೆ ಬೇರೆ ಯಾರೂ ರಾಜ ಎನಿಸಿಕೊಂಡಿರಲಿಲ್ಲ. ಅಂದಮೇಲೆ ವೇನ್ ಪ್ರಕರಣದ ತೀರ್ಪಿನಂತೆ ಆ ಎರಡು ತಿಂಗಳು ಜೇಮ್ಸನೇ ವಸ್ತುತಃ ರಾಜ, ಕೂಟದಲ್ಲಿ ಅವನನ್ನು ಕೈಬಿಟ್ಟವರೆಲ್ಲ ಟವರ್ ಹಿಲ್‌ನ ದಾರಿ ಹಿಡಿಯಬೇಕಾದವರು. ಅವರಲ್ಲೊಬ್ಬನಾದ ಡ್ಯಾನ್‌ಬಿಯ ಅರ್ಲ್‌ನನ್ನು ಏಪ್ರಿಲ್‌ನಲ್ಲಿ ಮಾರ್ಕ್ವಿಸ್ ಪದವಿಗೆ ಏರಿಸಲಾಯಿತು.