ನಿಮ್ಮೂರಿಗೆ ಬಂದದ್ದು ಎಂಥ ಬರ ರೀ?

ಕೊಪ್ಪಳ, ರಾಯಚೂರು ಕಡೆ ಬರ ಹೊಸದಲ್ಲ. ಆದರೆ ಈಗ ಬರಕ್ಕೂ ಜಾತಿ ಪ್ರಮಾಣಪತ್ರ ಬೇಕು. ಮಳೆ ಕೈಕೊಟ್ಟರೆ ಸಾಲದು, ಎಂಥ ಕೈ ಕೊಟ್ಟಿತು ಎಂದು ಸರ್ಕಾರ ಬರೆದುಕೊಡಬೇಕು.

ಕೇಂದ್ರದ 2016ರ ಬರ ಕೈಪಿಡಿಯಲ್ಲಿ ಲೆಕ್ಕ ಇದೆ. ಬೆಳೆ ಶೇ 33ರಿಂದ 50ರಷ್ಟು ಹಾಳಾದರೆ 'ಸಾಧಾರಣ' ಬರ. 50 ದಾಟಿದರೆ 'ತೀವ್ರ'. ದೆಹಲಿಯ ದುಡ್ಡು ತೀವ್ರಕ್ಕೆ ಮಾತ್ರ. ಸಾಧಾರಣದವರು ಸುಮ್ನೆ ಆಕಾಶ ನೋಡುತ್ತಾ ಕೂರಬೇಕು, ಅಲ್ವಾ? ಶೇ 49ಕ್ಕೆ ನಿಂತುಬಿಟ್ಟ ಸಜ್ಜೆ ಇನ್ನೊಂದಿಷ್ಟು ಒಣಗಿದ್ದರೆ ತಾಲ್ಲೂಕೇ ಉದ್ಧಾರವಾಗುತ್ತಿತ್ತು. ಬೆಳೆಗೆ ಊರಿನ ಮೇಲೆ ಅಭಿಮಾನವೇ ಇಲ್ಲ.

2023ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿತು. 161 ತೀವ್ರ, 34 ಸಾಧಾರಣ. ಆಮೇಲೆ ಪಟ್ಟಿ ಬೆಳೆದು 223ಕ್ಕೆ ಮುಟ್ಟಿತು. ಆ ವರ್ಷ ಚೆನ್ನಾಗಿ ಬೆಳೆದದ್ದು ಅದೊಂದೇ.

ಬಿರುದು ಕೊಡುವ ಮೊದಲು ಹೊಲಕ್ಕೇ ಬಂದು ನೋಡುತ್ತಾರೆ. ತಾಲ್ಲೂಕಿನ ಶೇ 10ರಷ್ಟು ಹಳ್ಳಿ ಆರಿಸುತ್ತಾರೆ, ಮೊಬೈಲಿನಲ್ಲಿ ಫೋಟೊ ಹೊಡೆಯುತ್ತಾರೆ. ಕುಷ್ಟಗಿ ಕಡೆಯ ಒಂದು ಎರೆಹೊಲ ಅಂದುಕೊಳ್ಳಿ. ನೆಲ ಬಿರಿದು ಚಪ್ಪಲಿ ಸಿಕ್ಕಿಹಾಕಿಕೊಳ್ಳುತ್ತಿದೆ. ಸಾಹೇಬರು ಮೊಬೈಲ್ ಎತ್ತಿ ಹಿಡಿದಿದ್ದಾರೆ.

"ಅಜ್ಜಾ, ಸ್ವಲ್ಪ ಪಕ್ಕಕ್ಕ ನಿಲ್ರಿ. ಬೆಳಿ ಕಾಣವಲ್ದು."

"ಇದ್ರ ಕಾಣ್ತಿತ್ತಲ್ರೀ, ಸಾಹೇಬ್ರ."

ಫೋಟೊ ಏನೋ ಬಂತು, ಅಪ್‌ಲೋಡ್ ಆಗಲಿಲ್ಲ. ನೆಟ್‌ವರ್ಕ್ ಸಿಗುವುದು ಊರ ಮುಂದಿನ ಬೇವಿನ ಮರದ ಕೆಳಗೆ ಮಾತ್ರ. ಬರಕ್ಕೂ ಟವರ್ ಬೇಕು.

ಇನ್ನೊಂದು ತಳಿಯೂ ಇದೆ: 'ಹಸಿರು ಬರ'. ಗಿಡ ಹಸಿರಾಗೇ ಇರುತ್ತದೆ, ಕಾಳು ಕಟ್ಟಿರುವುದಿಲ್ಲ. ಕಾರಿನ ಕಿಟಕಿಯಿಂದ ನೋಡಿದವರಿಗೆ ಎಲ್ಲ ಸುಭಿಕ್ಷ. 2023ರಲ್ಲಿ ಕೇಂದ್ರದ ತಂಡಕ್ಕೆ ಇದನ್ನು ತಿಳಿಸಿ ಹೇಳುವುದೇ ರಾಜ್ಯಕ್ಕೆ ಒಂದು ಕೆಲಸವಾಗಿತ್ತು. ಕೆಳಗಿಳಿದು ಒಂದು ತೆನೆ ಹಿಚುಕಿದ್ದರೆ ಮುಗಿಯುತ್ತಿತ್ತು.

ಸರಿ, ತೀವ್ರ ಎಂಬ ಮುದ್ರೆ ಬಿತ್ತು ಅನ್ನಿ. 2023ರ ದರದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ 2 ಹೆಕ್ಟೇರಿನ ತನಕ. ಎಕರೆಗೆ ಸುಮಾರು 3,400. ಬೀಜ, ಗೊಬ್ಬರ, ಗಳೆ ಹೊಡೆದ ಬಾಡಿಗೆ ಎಲ್ಲ ಅದರಲ್ಲೇ ಹೊಂದಿಸಿಕೊಂಡು, ಉಳಿದದ್ದರಲ್ಲಿ ಹಬ್ಬ ಮಾಡಬೇಕು.

ಮೊಬೈಲ್ ಜೇಬಿಗೆ ಇಳಿಸಿ ಸಾಹೇಬರು ಜೀಪು ಹತ್ತುವಾಗ ಅಜ್ಜ ಕೇಳಿದ: "ಅಲ್ರೀ, ಸಾಧಾರಣ ಅಂತ ಬರದ್ರ ನಮ್ಮ ಎತ್ತು ಸಾಧಾರಣ ಮೇವು ತಿಂತಾವೇನ್ರಿ?"

"ಎತ್ತಿಂದು ನಮಗ ಬರಂಗಿಲ್ರಿ ಅಜ್ಜಾ. ಅದಕ್ಕ ಪಶು ಇಲಾಖಿಗೆ ಬ್ಯಾರೆ ಅರ್ಜಿ ಕೊಡ್ರಿ."