ಪ್ರತಿಮೆ ಮಾಡಿಸಿ, ಫಿರಂಗಿ ಪಡೆಯಿರಿ

ಹದಿನೈದನೇ ಶತಮಾನದ ಇಟಲಿಯಲ್ಲಿ ಗದ್ದುಗೆ ಕಿತ್ತುಕೊಳ್ಳುವುದು ಅಂಥ ಕಷ್ಟದ ಕೆಲಸವಾಗಿರಲಿಲ್ಲ. ಅದು ಅಜ್ಜನ ಕಾಲದಿಂದಲೂ ನಮ್ಮದೇ ಎಂದು ಊರನ್ನು ನಂಬಿಸುವುದು ಕಷ್ಟವಾಗಿತ್ತು. ಅದಕ್ಕೇ ಕಲಾವಿದರು ಬೇಕಾಗಿದ್ದು.

ಮಿಲಾನಿನ ಲುಡೊವಿಕೊ ಸ್ಫೋರ್ಜಾನನ್ನೇ ನೋಡಿ. ಅಪ್ಪ ಬಾಡಿಗೆ ಸೈನ್ಯದ ದಂಡನಾಯಕ. 1450ರಲ್ಲಿ ಮಿಲಾನನ್ನು ವಶ ಮಾಡಿಕೊಂಡವನು. ಮಗನೋ, ಅಣ್ಣನ ಮಗನ ಹೆಸರಲ್ಲಿ ರಾಜ್ಯ ನಡೆಸುತ್ತಾ ಪಟ್ಟದ ಮೇಲೆ ಕಣ್ಣಿಟ್ಟವನು. ಇಂಥ ಮನೆತನಕ್ಕೆ ಗೌರವ ಬರಬೇಕಾದರೆ ಅಪ್ಪನನ್ನು ಕುದುರೆ ಹತ್ತಿಸಲೇಬೇಕು. ಅದೂ 7 ಮೀಟರಿಗೂ ಎತ್ತರದ ಕಂಚಿನ ಕುದುರೆ! ಕೆಲಸ ಲಿಯೊನಾರ್ಡೊ ಡ ವಿಂಚಿಗೆ. ಈತ ಕೆಲಸ ಕೇಳಿ ಬರೆದ ಪತ್ರದಲ್ಲಿ ಸೇತುವೆ, ಫಿರಂಗಿ ಎಲ್ಲ ಮುಗಿದ ಮೇಲೆ, ಕೊನೆಗೆ, ಚಿತ್ರ ಬರೆಯಲೂ ಬರುತ್ತದೆ ಎಂದು ಸೇರಿಸಿದ್ದ. ಗಿರಾಕಿ ಎಂಥವನೆಂದು ಚೆನ್ನಾಗಿ ಗೊತ್ತಿತ್ತು.

1493ರಲ್ಲಿ ಅಣ್ಣನ ಮಗಳನ್ನು ಜರ್ಮನ್ ದೊರೆ ಮ್ಯಾಕ್ಸಿಮಿಲಿಯನ್‌ಗೆ ಕೊಟ್ಟು ಮದುವೆ. ವರದಕ್ಷಿಣೆ 4 ಲಕ್ಷ ಡುಕಾಟ್, ಅಂದರೆ ಆಗಿನ ಚಿನ್ನದ ನಾಣ್ಯ. ಜೊತೆಗೆ, ಕಂಚಿನಲ್ಲಿ ಎರೆಯುವ ಮೊದಲು ಲಿಯೊನಾರ್ಡೊ ಮಾದರಿಗೆಂದು ಮಾಡಿದ ಮಣ್ಣಿನ ಕುದುರೆಯ ಪ್ರದರ್ಶನ.

ಮರುವರ್ಷ ಲುಡೊವಿಕೊ ಫ್ರೆಂಚ್ ದೊರೆಯನ್ನು ತಾನೇ ಇಟಲಿಗೆ ಕರೆದ. ಬಂದ ಮೇಲೆ ತಾನೇ ಹೆದರಿದ. ಕುದುರೆಗೆಂದು ಕೂಡಿಟ್ಟ ಕಂಚೆಲ್ಲ ಹೆಂಡತಿಯ ಅಪ್ಪ, ಫೆರಾರಾ ರಾಜ್ಯದ ದೊರೆ ಎರ್ಕೊಲೆಯ ಪಾಲಾಯಿತು, ಫಿರಂಗಿ ಎರೆಯಲು. 1499ರಲ್ಲಿ ಫ್ರೆಂಚರು ಮಿಲಾನಿಗೇ ನುಗ್ಗಿದರು. ಅವರ ಬಿಲ್ಲುಗಾರರು ಮಣ್ಣಿನ ಕುದುರೆಗೆ ಬಾಣ ಬಿಟ್ಟು ಗುರಿ ಅಭ್ಯಾಸ ಮಾಡಿದರು. ಕಂಚು ನುಂಗಿದ ಮಾವನಿಗೆ ಅಷ್ಟಕ್ಕೇ ತೃಪ್ತಿಯೇ? 1501ರಲ್ಲಿ ಆ ಕುದುರೆಯ ಅಚ್ಚನ್ನೂ ಕೊಡಿಸಿ ಎಂದು ಫ್ರೆಂಚರ ಹತ್ತಿರ ಹೇಳಿಕಳಿಸಿದ. ತನಗೂ ಒಂದು ಪ್ರತಿಮೆ ಬೇಕಂತೆ!

ಇಷ್ಟಾದ ಮೇಲೂ ಪೋಪ್ ಎರಡನೇ ಜೂಲಿಯಸ್‌ಗೆ ಬುದ್ಧಿ ಬರಲಿಲ್ಲ. 1506ರಲ್ಲಿ ಬೊಲೊನ್ಯಾ ಊರನ್ನು ಗೆದ್ದು, ಅದನ್ನು ಆಳುತ್ತಿದ್ದ ಬೆಂಟಿವೊಲ್ಯೊ ಮನೆತನದ ಜಾಗದಲ್ಲಿ ತಾವು ಕೂತರು. ಕೂತದ್ದು ಊರಿಗೆ ಕಾಣಬೇಡವೇ? ಮೈಕೆಲೆಂಜೆಲೊ ಕೈಯಲ್ಲಿ ತಮ್ಮದೇ ಭಾರೀ ಕಂಚಿನ ಪ್ರತಿಮೆ ಮಾಡಿಸಿದರು. ಮೊದಲ ಎರಕ ಕೆಟ್ಟಿತು. ಆದರೂ ಬಿಡಲಿಲ್ಲ. 1508ರಲ್ಲಿ ಪ್ರತಿಮೆ ಊರಿನ ದೊಡ್ಡ ಚರ್ಚಿನ ಬಾಗಿಲ ಮೇಲೇರಿತು. 1511ರಲ್ಲಿ ಬೆಂಟಿವೊಲ್ಯೊಗಳು ವಾಪಸ್ ಬಂದರು. ವರ್ಷ ಮುಗಿಯುವಷ್ಟರಲ್ಲಿ ಪ್ರತಿಮೆ ನೆಲಕ್ಕೆ.

ಕಂಚು ಎಲ್ಲಿಗೆ ಹೋಯಿತು ಅಂತೀರಾ? ಮತ್ತೆ ಫೆರಾರಾಕ್ಕೇ! ಈಗ ಅಲ್ಲಿ ಎರ್ಕೊಲೆಯ ಮಗ ಆಲ್ಫೊನ್ಸೊ. ಇದೇ ಪೋಪರಿಂದ ಬಹಿಷ್ಕಾರ ಹಾಕಿಸಿಕೊಂಡವನು, ಮೇಲಾಗಿ ಫಿರಂಗಿ ಎರೆಯುವ ಹುಚ್ಚು ಬೇರೆ. ಪೋಪರನ್ನು ಕರಗಿಸಿ ಫಿರಂಗಿ ಮಾಡಿ, 'ಲಾ ಜೂಲಿಯಾ' ಎಂದು ಅವರದೇ ಹೆಸರಿಟ್ಟ. ತಲೆಯನ್ನು ಮಾತ್ರ ಕರಗಿಸದೆ ತನ್ನ ಸಂಗ್ರಹದಲ್ಲಿ ಇಟ್ಟುಕೊಂಡನಂತೆ. ಅವನೂ ಕಲಾಪೋಷಕನೇ ಅಲ್ವಾ?